ಬಾಲದ ಮೇಲಿಟ್ಟ ಕೈ

ಚನ್ನಮಲ್ಲಪ್ಪನವರು ಯಾವ ವಸ್ತುವನ್ನೇ ಆಗಲಿ, ಅದರ ಭಾರ ಎಲ್ಲಿ ನಿಲ್ಲುತ್ತದೆಂದು ತಿಳಿಯದೆ ಬಳಸಿದವರಲ್ಲ. ಊಟಕ್ಕೆ ಕುಳಿತರೆ ಸೌಟನ್ನು, ಮಳೆಗೆ ಹೊರಟರೆ ಕೊಡೆಯನ್ನು, ತೋಟಕ್ಕಿಳಿದರೆ ಕತ್ತಿಯನ್ನು ತೋರುಬೆರಳಿನ ಮೇಲೆ ಅಡ್ಡವಾಗಿರಿಸಿ, ಅದು ಅತ್ತಲೂ ವಾಲದೆ ಇತ್ತಲೂ ವಾಲದೆ ನಿಂತ ಮೇಲೆಯೇ ಅವರ ಮುಖಕ್ಕೆ ಸಮಾಧಾನ ಬರುವುದು. ಅವರ ಖಾಕಿ ಕೋಟಿನ ಬಲಜೇಬಿನಲ್ಲಿ ಸ್ಪ್ಯಾನರುಗಳು, ಎಡಜೇಬಿನಲ್ಲಿ ಹಾರಂಗಿ ಹೊಳೆಯ ಒಂದು ಗುಂಡುಕಲ್ಲು. ಕಲ್ಲೇಕೆಂದು ಕೇಳಿದರೆ, "ಕೋಟು ಒಂದ್ ಕಡೀಕೆ ಜಗ್ಗಬಾರ್ದು ಕಣ್ರೀ" ಎನ್ನುತ್ತಾರೆ.

ಮೂವತ್ತು ವರ್ಷ ಕುಶಾಲನಗರದ ಬಳಿ ಕಾಫಿ ಮೂಟೆ ತೂಗಿದ ಕೈ ಅದು. ನಿವೃತ್ತರಾದ ಮೇಲೆ ಇಬ್ಬರು ಕೂರುವ ಪುಟ್ಟ ವಿಮಾನವೊಂದನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ತಾವೇ ಕಟ್ಟಲು ತೊಡಗಿದಾಗ ಊರು ನಕ್ಕಿತು. ನಾನೂ ನಕ್ಕೆ, ಮುಚ್ಚಿಡುವುದೇಕೆ. ಆರು ವರ್ಷ ಆ ಮನೆಗೆ ಹೋದವರಿಗೆಲ್ಲ ಕಾಫಿಗಿಂತ ಮೊದಲು ತಕ್ಕಡಿಯ ಉಪಚಾರ. "ಮೇಷ್ಟ್ರೇ, ಒಸಿ ನಿಂತ್ಕಳಿ" ಎಂದು ನನ್ನನ್ನೂ ಮೂಟೆಯಂತೆ ತೂಗಿ, ಪಕ್ಕದ ಸೀಟಿಗೆ ನಾನು ಎಷ್ಟು ಹೆಚ್ಚೆಂಬುದನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ಹೇಳಿದ್ದರು.

ವಿಮಾನದ ಭಾರವೆಲ್ಲ ಕೂಡಿ ನಿಲ್ಲುವ ಬಿಂದುವೊಂದಿದೆಯಂತೆ. ಅದು ತನ್ನ ಎಲ್ಲೆ ಮೀರಿ ಹಿಂದಕ್ಕೆ ಸರಿದರೆ ಮೂಗು ಚಂಚಲವಾಗುತ್ತದೆ. ಚಾಲಕ ಹಿಡಿಕೆಯನ್ನು ತುಸುವೇ ಎಳೆದರೂ ತಟಕ್ಕನೆ ಮೇಲೇಳುತ್ತದೆ, ತಳ್ಳಿದರೆ ಧುಮುಕುತ್ತದೆ. ಇದನ್ನು ಅವರು ನನಗೆ ವಿವರಿಸಿದ್ದು ಒಂದೇ ಉಸಿರಿನಲ್ಲಿ: "ಸೈಕಲ್ ಕ್ಯಾರಿಯರ್‌ಗೆ ಅಕ್ಕಿಮೂಟೆ ಏರ್ಸಿ ನೋಡಿ, ಹ್ಯಾಂಡ್ಲು ನಿಮ್ ಮಾತ್ ಕೇಳ್ತದಾ? ಸೈಕಲ್ ಆದ್ರೆ ಕಾಲೂರ್ಬೋದು, ಮೇಷ್ಟ್ರೇ." ಆ ಮಾತಿನ ಹಿಂದಿನ ಅಳುಕು ನನಗೆ ತಿಳಿಯದ್ದಲ್ಲ. ಮೊದಲು ಹಾರುವವಳು ಅವರ ಒಬ್ಬಳೇ ಮಗಳು, ಹಾರಾಟ ಕಲಿತು ಪರವಾನಗಿ ಪಡೆದು ಬಂದ ಅನುಶ್ರೀ. ಅದಕ್ಕೇ ದಿನವೂ ಬೆಳಿಗ್ಗೆ ಸ್ನಾನವಾದೊಡನೆ ಶೆಡ್ಡಿಗೆ ಹೋಗಿ, ಬಾಲದ ಮೇಲೆ ಅಂಗೈಯಿಟ್ಟು, ಮುಂದಿನ ಗಾಲಿ ನೆಲ ಬಿಡುವವರೆಗೆ ಮೆಲ್ಲನೆ ಒತ್ತಿ ನೋಡುವುದು ಅವರ ನಿತ್ಯಪೂಜೆಯಾಗಿತ್ತು.

ಅನುಮತಿಯ ಕಾಗದ ಬಂತು. ಆಯುಧಪೂಜೆಯ ಮರುದಿನ, ವಿಜಯದಶಮಿಯ ಬೆಳಿಗ್ಗೆ ಮೊದಲ ಹಾರಾಟವೆಂದು ನಿಶ್ಚಯವಾಯಿತು. ನಮ್ಮ ಕಡೆ ಆಯುಧಪೂಜೆಗೆ ಟಿಲ್ಲರಿಗೂ ಹೊಸ ಬಣ್ಣ ಬೀಳಬೇಕು. ಇನ್ನು ವಿಮಾನವನ್ನು ಬೋಳಾಗಿ ಬಿಟ್ಟಾರೆಯೇ? ಯಜಮಾನರು ಯಾವುದೋ ಕೆಲಸಕ್ಕೆ ವಿರಾಜಪೇಟೆಗೆ ಹೋಗಿ ಮೂರು ದಿನ ಉಳಿದಾಗ, ಪತ್ನಿ ಸಿದ್ದಮ್ಮನವರು ಲಾರಿಗೆ ಬಣ್ಣ ಹೊಡೆಯುವವನನ್ನು ಕರೆಸಿ, ಪುಟ್ಟಿ ಬಳಿಸಿ, ಎರಡು ಕೋಟು ಎನಾಮಲ್ ಹೊಡೆಸಿ, ಬಾಲದ ತುಂಬ ನವಿಲೊಂದನ್ನು ಬರೆಸಿದರು. ಗಂಡ ಬೆರಗಾಗಲೆಂದು ಅದರ ಮೇಲೆ ಸೀರೆ ಹೊದಿಸಿ, ಹಾರುವ ಹೊತ್ತಿನವರೆಗೆ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದರು.

ಅಂದು ಬೆಳಿಗ್ಗೆ ಗದ್ದೆಬಯಲಿನ ತುಂಬ ಜನ. ಶಾಮಿಯಾನದಡಿ ಉಪ್ಪಿಟ್ಟು ಕೇಸರಿಭಾತು. ಸಿದ್ದಮ್ಮನವರು ಸೀರೆ ಸರಿಸಿದಾಗ ನವಿಲು ಬಿಸಿಲಿಗೆ ಥಳಥಳಿಸಿತು, ಜನ ಚಪ್ಪಾಳೆ ತಟ್ಟಿದರು. ಚನ್ನಮಲ್ಲಪ್ಪನವರು, "ಚೆಂದಾಗೈತೆ" ಎಂದರು. ಎಂದವರು ಅಭ್ಯಾಸಬಲದಿಂದ ಬಾಲದ ಮೇಲೆ ಅಂಗೈಯಿಟ್ಟು ಒತ್ತಿದರು. ಮುಂದಿನ ಗಾಲಿ, ಎಂದಿಗಿಂತ ಬೇಗ, ಹಗುರವಾಗಿ ಎದ್ದುಬಿಟ್ಟಿತು.

ಅವರು ಮತ್ತೊಮ್ಮೆ ಒತ್ತಿದರು. ಆಮೇಲೆ, ಅಷ್ಟರಲ್ಲಿ ಸೀಟಿಗೇರಿ ಕುಳಿತಿದ್ದ ಮಗಳ ಕಡೆ ತಿರುಗಿ, "ಇಳಿಯವ್ವ. ಇವತ್ತು ಬೇಡ" ಎಂದರು.

ಜನ ಗೊಣಗಿದರು. ಬಯಲು ಕೊಟ್ಟ ಮಹದೇವಪ್ಪನವರು, "ಮೂತಿಗೊಂದ್ ಕಲ್ಲು ಕಟ್ಟಿದ್ರೆ ಸರಿಹೋಗಾಕಿಲ್ವಾ?" ಎಂದು ಕೇಳಿದರು. ತಕ್ಕಡಿ ತರಿಸಿ ಗಾಲಿಯಡಿ ಇಟ್ಟಾಗ, ನಲವತ್ತು ಕಿಲೋ ತೋರಬೇಕಾದ ಮುಂಗಾಲಿ ಮೂವತ್ತೈದನ್ನೂ ಮುಟ್ಟಲಿಲ್ಲ. ಬಾಲಕ್ಕೆ ಮೆತ್ತಿದ ಪುಟ್ಟಿ, ಬಣ್ಣಗಳ ಭಾರವೆಲ್ಲ ಹಿಂದಕ್ಕೆ ಬಿದ್ದಿತ್ತು. "ಕೋಟಿಗೆ ಕಲ್ಲು ಹಾಕ್ತೀನಿ, ಸಾಮಿ. ನನ್ ಮಗಳಿಗೆ ಹಾಕಾಕಿಲ್ಲ" ಎಂದರು ಚನ್ನಮಲ್ಲಪ್ಪನವರು. ಆರು ವರ್ಷದ ಶ್ರಮವನ್ನು ಅಷ್ಟು ಜನರ ಕಣ್ಣೆದುರು ಮತ್ತೆ ಶೆಡ್ಡಿಗೆ ತಳ್ಳಿಕೊಂಡು ಹೋದ ಆ ಬೆನ್ನು ಒಂದಿಷ್ಟೂ ಬಾಗಿರಲಿಲ್ಲ. ಇವರು ನನ್ನ ಸ್ನೇಹಿತರೆಂದು ನನಗೆ ಮೊಟ್ಟಮೊದಲು ಹೆಮ್ಮೆಯೆನಿಸಿದ್ದು ಆ ಗಳಿಗೆಯಲ್ಲಿ.

ಸಿದ್ದಮ್ಮನವರು ಎರಡು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ತಾವೇ ಉಪ್ಪುಕಾಗದ ಹಿಡಿದು ಕುಳಿತು, ಎರಡು ವಾರ ಆ ನವಿಲನ್ನು ಉಜ್ಜಿದರು. ಕೊನೆಗೊಂದು ಗರಿಯ ಕಣ್ಣು ಮಾತ್ರ ಉಳಿದಾಗ ಗಂಡ ಬಂದು ಕೈ ಹಿಡಿದು ನಿಲ್ಲಿಸಿದರಂತೆ. "ಅದು ಇರ್ಲಿ ಬಿಡು. ಹದ್ನೆಂಟ್ ಗ್ರಾಂ. ಲೆಕ್ಕಕ್ಕೆ ಸೇರ್ಸ್ಕಂಡಿದೀನಿ."

ಚಪ್ಪಾಳೆಯಿಲ್ಲದ ಒಂದು ಬೆಳಿಗ್ಗೆ ಅನುಶ್ರೀ ಹಾರಿದಳು. ಹಾರಂಗಿಯ ಹಿನ್ನೀರಿನ ಮೇಲೆ ಇಪ್ಪತ್ತು ನಿಮಿಷ, ಗೆರೆ ಎಳೆದಷ್ಟು ನೆಟ್ಟಗೆ. ನಾವೆಲ್ಲ ಕತ್ತೆತ್ತಿ ನೋಡುತ್ತಿದ್ದರೆ ಅವರು ಮಾತ್ರ ಎಡಜೇಬಿನ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದರು. ಗಾಲಿ ನೆಲಕ್ಕೆ ತಾಗಿದ ಸದ್ದು ಕೇಳಿದ ಮೇಲೆಯೇ ಮುಷ್ಟಿ ಸಡಿಲವಾಯಿತು.

ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಜನ ಕಾಯುತ್ತಿರುವಾಗ, ಮುಹೂರ್ತ ಮೀರುತ್ತಿರುವಾಗ, ಮನೆಯವರ ಮನಸ್ಸೇ ನೋಯುವಾಗಲೂ "ಇವತ್ತು ಬೇಡ" ಎನ್ನಬಲ್ಲವರು. ಹಾರಿದವರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಹಾರಿದವರು ಮನೆಗೆ ಮರಳಿ ಬರುವುದು ಇಂಥವರ ಅಂಗೈಗೆ ಇರುವ ನೆನಪಿನಿಂದ.