ದೀಪದ ಸುತ್ತ ಒಂದು ಬಳೆ

ನಾನು ಹೆಬ್ಬೆರಳಿನಷ್ಟು ಎತ್ತರದ ಒಂದು ಗಾಜಿನ ಸೀಸೆ. ಮರಳು, ಸುಣ್ಣ, ಉಪ್ಪಿನಿಂದ ತೆಗೆದ ಸೋಡಾ ಇವನ್ನು ಕುಲುಮೆಯಲ್ಲಿ ಕರಗಿಸಿ ಅಚ್ಚಿನೊಳಗೆ ಊದಿದಾಗ ಹುಟ್ಟಿದೆ. ಆ ಬೆಂಕಿಯ ನೆನಪು ನನಗಿಲ್ಲ. ತಣ್ಣಗಾದ ಮೇಲಿನದೆಲ್ಲ ನೆನಪಿದೆ.

ನನ್ನನ್ನು ಬೆಟಗೇರಿಯ ನೇಕಾರರ ಓಣಿಗೆ ತಂದವರು ಹೋಮಿಯೋಪತಿ ವೈದ್ಯ ವಾಸುದೇವ ಹುಯಿಲಗೋಳ. ‘ನ್ಯಾಟ್ರಮ್ ಮೂರ್ 200’ ಎಂದು ನನ್ನ ಹೊಟ್ಟೆಗೆ ಚೀಟಿ ಅಂಟಿಸಿದರು. ಅಂದರೆ ಅಡುಗೆಯ ಉಪ್ಪು. ಪಕ್ಕದ ಗೂಡಿನ ಸೀಸೆ ಸಿಲಿಶಿಯಾ, ಅಂದರೆ ಮರಳು. ಹೆಸರಿಗೆ ಮಾತ್ರ. ಒಂದು ಪಾಲು ಉಪ್ಪಿಗೆ ತೊಂಬತ್ತೊಂಬತ್ತು ಪಾಲು ಬೇರೆ ವಸ್ತು ಬೆರೆಸಿ, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ಬೆರೆಸಿ, ಹೀಗೆ ಇನ್ನೂರು ಸಲ ಮಾಡಿದ ದ್ರವ ನನ್ನೊಳಗಿತ್ತು. ಹದಿಮೂರನೆಯ ಸಲಕ್ಕೇ ಉಪ್ಪಿನ ಕೊನೆಯ ಕಣವೂ ಹಿಂದೆ ಉಳಿದುಬಿಟ್ಟಿರುತ್ತದೆ. ನಿಜವಾದ ಉಪ್ಪು, ಮರಳು ಎರಡೂ ಇದ್ದದ್ದು ನನ್ನ ಗಾಜಿನಲ್ಲೇ.

ಡಾಕ್ಟರು ಕಟ್ಟುನಿಟ್ಟಿನ ಮನುಷ್ಯ. ಎರಡು ಸೀಸೆಗಳ ಬಿರಡೆಯನ್ನು ಎಂದೂ ಒಟ್ಟಿಗೆ ತೆಗೆಯುತ್ತಿರಲಿಲ್ಲ. ತೆಗೆದ ಬಿರಡೆಯನ್ನು ಮೇಜಿನ ಮೇಲಿಡದೆ ಕಿರುಬೆರಳಿನಲ್ಲಿ ಹಿಡಿದಿರುತ್ತಿದ್ದರು. ರೋಗಿ ಯಾವ ಮಗ್ಗುಲಿಗೆ ಮಲಗುತ್ತಾನೆ, ಯಾವ ಕನಸು ಬೀಳುತ್ತದೆ, ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು.

ಒಂದು ದಿನ ತುಂಗವ್ವ ಬಂದು ಸ್ಟೂಲಿನ ಮೇಲೆ ಕುಳಿತಳು. ಗಂಡ ಸತ್ತು ವರ್ಷವಾಗಿತ್ತು. ಮಗ್ಗ ಅವಳೇ ನಡೆಸುತ್ತಿದ್ದಳು.

“ತಲಿನೋವು ಯಾವಾಗ ಬರ್ತದ?”

“ಸಂಜೀಕ್ರಿ. ಬಲಗಣ್ಣಿನ ಮ್ಯಾಲೆ ಸುತ್ತಿಗಿ ಬಡಿದಂಗ. ವಾಂತಿ ಆಗೂತನಕ ಬಿಡಂಗಿಲ್ಲ.”

“ಯಾರಾರ ಸಮಾಧಾನ ಮಾಡಿದ್ರ?”

“ಮೈ ಉರೀತದ್ರಿ! ಅದಕ್ಕ ಮಗ್ಗದ ಮುಂದ ಕುಂದರ್ತೀನಿ. ಅದು ಟಕ್ ಟಕ್ ಅಂತದ, ಪಾಪ ಪಾಪ ಅನ್ನಂಗಿಲ್ಲ.”

ಡಾಕ್ಟರು ನಕ್ಕರು. “ಉಪ್ಪು ಹೆಂಗ?”

“ಮಜ್ಜಗಿಗೆ ಎರಡು ಸಲ ಹಾಕ್ಕೋತೀನ್ರಿ.”

“ಚಳಿ?”

“ಬ್ಯಾಸಗ್ಯಾಗೂ ತಲಿಗೆ ಸೆರಗು ಬಿಗೀತೀನ್ರಿ.”

ಅವರು ಹಾಳೆಯ ನಡುವೆ ಗೆರೆ ಎಳೆದರು. ದುಃಖ ನುಂಗಿಕೊಳ್ಳುವವಳು, ಉಪ್ಪು ಬೇಡುವವಳು ಎಂದರೆ ನನ್ನ ಕಡೆ. ಚಳಿ, ತಲೆ ಬಿಗಿದರೆ ಹಿತ ಎಂದರೆ ಮರಳಿನ ಕಡೆ. ಸಮಾಧಾನದ ಮಾತು ಎರಡಕ್ಕೂ ಆಗದು. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

“ಇನ್ನೊಂದು ಅದರಿ,” ಎಂದಳು ತುಂಗವ್ವ. “ನೋವು ಬಂದಾಗ ದೀಪದ ಸುತ್ತ ಬಳಿ ಕಾಣ್ತದ. ಕೆಂಪು, ಹಸರು, ನೀಲಿ. ಸೀರಿ ಅಂಚಿಗೆ ನೇಯಬೇಕು ಅನಸ್ತದ, ಅಷ್ಟು ಚೆಂದ.”

ಡಾಕ್ಟರ ಮುಖ ಅರಳಿತು. ಕೆಳಗಿನಿಂದ ನೋಡುತ್ತಿದ್ದ ನನಗೆ ಅದು ಚೆನ್ನಾಗಿ ನೆನಪಿದೆ. “ಅಪರೂಪದ ಲಕ್ಷಣ ತುಂಗವ್ವ, ಭಾಳ ಅಪರೂಪ!” ಎಂದು ದಪ್ಪ ಪುಸ್ತಕ ತೆರೆದರು. ಬಣ್ಣದ ಬಳೆ ಯಾವ ಪಟ್ಟಿಗೆ ಸೇರುತ್ತದೆಂದು ಹುಡುಕತೊಡಗಿದರು. ಬಳೆ ಯಾಕೆ ಕಾಣುತ್ತಿದೆಯೆಂದು ಅವರು ಕೇಳಿಕೊಳ್ಳಲಿಲ್ಲ.

ಮೊದಲು ಎರಡು ವಾರ ನನ್ನಿಂದ ಹನಿ ಹಾಕಿದ ಗುಳಿಗೆ ಕೊಟ್ಟರು. ಆಮೇಲೆ ಎರಡು ವಾರ ಮರಳಿನದು. ಮೂರನೆಯ ಸಲ ತುಂಗವ್ವ ನಗುತ್ತಲೇ ಬಂದಳು.

“ನೋವು ಹೋತ್ರೀ. ಬಳಿನೂ ಹೋತು.”

ಡಾಕ್ಟರು ಮರಳಿನ ಪಟ್ಟಿಯ ಕೆಳಗೆ ‘ಗುಣ’ ಎಂದು ಬರೆದರು.

“ಆ ಕಣ್ಣಿಗೆ ಈಗ ದೀಪಾನ ಕಾಣವಲ್ದು. ಅದಕ್ಕ ಇರಬೇಕು.”

ಪೆನ್ನು ಉರುಳಿ ನನಗೆ ಬಡಿಯಿತು. ಅದನ್ನು ಹಿಡಿಯಲು ಹೋದ ಕೈ ನನ್ನನ್ನೇ ಹಿಡಿದು, ತಿಳಿಯದೆ ಜೇಬಿಗೆ ಹಾಕಿಕೊಂಡಿತು. ಅವರು ಆಗಲೇ ಬಾಗಿಲು ಹಾಕಿ ತುಂಗವ್ವನನ್ನು ಹುಬ್ಬಳ್ಳಿಯ ಬಸ್ಸು ಹತ್ತಿಸಿ ತಾವೂ ಹತ್ತಿದರು.

ಕಣ್ಣಿನ ವೈದ್ಯೆ ಅಳೆದು ನೋಡಿ ಹೇಳಿದ್ದನ್ನು ಜೇಬಿನೊಳಗಿಂದಲೇ ಕೇಳಿದೆ. ಬಲಗಣ್ಣೊಳಗಿನ ಒತ್ತಡ ಏರಿ ನರ ಸತ್ತಿತ್ತು. ಎಡಗಣ್ಣಿಗೂ ಅದೇ ಕಾದಿತ್ತು, ಆದರೆ ಅದನ್ನು ಉಳಿಸಬಹುದಿತ್ತು.

“ದೀಪದ ಸುತ್ತ ಬಣ್ಣ ಕಂಡಾಗಲೇ ಯಾರಿಗಾದರೂ ಹೇಳಬಾರದಿತ್ತೇ?” ಎಂದು ವೈದ್ಯೆ ಕೇಳಿದರು.

ಡಾಕ್ಟರು ಬಾಯಿ ತೆರೆಯುವ ಮೊದಲೇ ತುಂಗವ್ವ ಹೇಳಿದಳು. “ಯಾರಿಗೂ ಹೇಳಿದ್ದಿಲ್ರಿ. ತಪ್ಪು ನಂದು.”

ಜೇಬಿನ ಬಟ್ಟೆಯ ಆಚೆ ಡಾಕ್ಟರ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಅವಳ ಮಾತನ್ನು ತಿದ್ದಲಿಲ್ಲ.

ಎಡಗಣ್ಣು ಉಳಿಯಿತು. ಆದರೆ ಅಂದಿನಿಂದ ಡಾಕ್ಟರು ಪ್ರತಿ ಸಂಜೆ ನನ್ನನ್ನು ದೀಪಕ್ಕೆ ಅಡ್ಡ ಹಿಡಿಯತೊಡಗಿದರು. ನನ್ನ ದುಂಡು ಮೈಯಲ್ಲಿ ಬೆಳಕು ಮುರಿದು ಬಣ್ಣದ ಬಳೆ ಮೂಡುತ್ತಿತ್ತು. ಅದನ್ನೇ ನೋಡುತ್ತ ಕೂರುತ್ತಿದ್ದರು. ಪ್ರತಿ ರೋಗಿಯನ್ನೂ ಮೊದಲು ದೀಪದ ಸುತ್ತ ಬಣ್ಣ ಕಾಣುತ್ತದೆಯೇ ಎಂದು ಕೇಳಿಯೇ ಮುಂದಿನ ಮಾತು. ಹೌದೆಂದವರನ್ನು ತಾವೇ ಬಸ್ಸಿಗೆ ಹತ್ತಿಸಿ ಬರುತ್ತಿದ್ದರು. ಯಾರೂ ಇಲ್ಲದಾಗ ತಮ್ಮ ನಿಯಮ ಮುರಿದು ನನ್ನ ಮತ್ತು ಮರಳಿನ ಸೀಸೆಯ ಬಿರಡೆಗಳನ್ನು ಒಟ್ಟಿಗೇ ತೆಗೆದು, ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದರು. ಎರಡರಲ್ಲೂ ಬರೀ ಸ್ಪಿರಿಟ್ಟಿನ ವಾಸನೆ. “ಆಕಿ ನನಗ ಹೇಳಿದ್ಲು ಅಂತ ನಾನ ಹೇಳಬೇಕಿತ್ತು,” ಎನ್ನುತ್ತಿದ್ದರು. ಕೇಳಿಸಿಕೊಳ್ಳಲು ನಾವಿಬ್ಬರೇ.

ಹೇಳದೆಯೇ ತೀರಿಹೋದರು. ಸ್ಪಿರಿಟ್ಟು ಆರಿ ನಾನು ಬರಿದಾದೆ. ಅವರ ಮಗಳು ಔಷಧದ ಪೆಟ್ಟಿಗೆ ಖಾಲಿ ಮಾಡುವಾಗ ತುಂಗವ್ವ ಬಂದು ನೆನಪಿಗೆ ಒಂದು ಸೀಸೆ ಕೇಳಿದಳು.

“ಉಪ್ಪಿಂದು ಕೊಡ್ಲೊ, ಮರಳಿಂದೊ?”

“ಯಾವುದಾರ ಕೊಡವಾ. ನನಗ ಎರಡೂ ತಿನಿಸ್ಯಾರ.”

ಈಗ ನಾನು ಅವಳ ಮಗ್ಗದ ಬಳಿಯ ಗೂಡಿನಲ್ಲಿದ್ದೇನೆ. ಮುಸ್ಸಂಜೆ ಅವಳು ದೀಪ ಹಚ್ಚಿ, ಮೊದಲು ನನ್ನನ್ನು ದೀಪದ ಹಿಂದಕ್ಕೆ ತಳ್ಳುತ್ತಾಳೆ. “ಸರಿ ಅತ್ಲಾಗ. ನಿನ್ನ ಬಣ್ಣದ ಬಳಿ ನೋಡಿ ನನ್ನ ಕಣ್ಣಿಂದ ಅಂತ ಅಂಜ್ಯೇನು.” ಆಮೇಲೆ ಉಳಿದ ಒಂದು ಕಣ್ಣಿನಿಂದ ದೀಪವನ್ನೇ ದಿಟ್ಟಿಸುತ್ತಾಳೆ. ಬಳೆ ಕಂಡಿತೋ ಇಲ್ಲವೋ ಹೇಳುವುದಿಲ್ಲ. ಅವಳು ಮಗ್ಗಕ್ಕೆ ಕುಳಿತು ಟಕ್ ಟಕ್ ಶುರುವಾಗುವವರೆಗೆ, ಏನೂ ಇಲ್ಲದ ಹೊಟ್ಟೆಯಲ್ಲಿ ಉಸಿರು ಹಿಡಿದುಕೊಂಡು ನಾನು ಕಾಯುತ್ತೇನೆ.