ಆರು ಮರ ಇಳಿಯುವಷ್ಟರಲ್ಲಿ

ಶಿವರಾತ್ರಿ ಕಳೆದು ಚಳಿ ತೆಳುವಾಗುತ್ತಿತ್ತು. ಕೆರೆಯಂಚಿನ ತಾಳೆ ಮರಗಳ ತಲೆಗಳು ಇನ್ನೂ ಮಂಜಿನೊಳಗೇ ಇದ್ದವು. ಓದೆಲು ಸೊಂಟಕ್ಕೆ ಹಗ್ಗ ಬಿಗಿದು ಹತ್ತಿ, ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತಿ, ತುಂಬಿದ ಹೆಂಡದ ಮಡಕೆ ಬಿಡಿಸಿ, ಖಾಲಿಯದನ್ನು ಕಟ್ಟಿ ಇಳಿಯುತ್ತಿದ್ದ. ಮೇಲಿನಿಂದ ಅವನ ಊರು ನೀರಿನಡಿಯ ಊರಿನಂತೆ ಕಾಣುತ್ತಿತ್ತು. ಯಾರ ಮನೆಯದೋ ಕೋಳಿ ಕೂಗು ನಿಧಾನವಾಗಿ ತೇಲಿ ಬರುತ್ತಿತ್ತು.

ಎರಡನೆಯ ಮರದಲ್ಲಿ ಕಾಲು ಜಾರಿತು. ಹಗ್ಗ ಹಿಡಿದು ನಿಲ್ಲಿಸಿತು. ಆದರೆ ಒರಟು ಕಾಂಡ ತೊಡೆಸಂದಿಗೆ ಬಡಿದಿತ್ತು. ಹೇಗೋ ಇಳಿದು ಕುಕ್ಕರಿಸಿ ಕೂತ.

ಪಕ್ಕದ ಮರದಿಂದ ಇಳಿದ ದೊಡ್ಡಪ್ಪ ಐಲಯ್ಯ ನಕ್ಕ. "ಮರ ಒದೀತೇನೋ? ಹೋದ ವರ್ಷಾನೂ ಒದ್ದಿತ್ತಲ್ಲ! ಏಳು, ಏಳು. ಮೂರು ದಿನ ಕೆತ್ತದಿದ್ರೆ ಹೊಂಬಾಳೆ ಬತ್ತಿಹೋಗತ್ತೆ."

ಹೋದ ವರ್ಷ ಅರ್ಧ ಗಂಟೆಯಲ್ಲಿ ನೋವು ಹೋಗಿದ್ದು ನಿಜ. ಓದೆಲು ಮತ್ತೆ ಹತ್ತಿದ. ಈ ಸಲ ನೋವು ಇಳಿಯಲಿಲ್ಲ. ಹೊಟ್ಟೆ ತೊಳಸಿತು. ಮನೆಗೆ ಬಂದು ಕಂಬಳಿ ಹೊದ್ದು ಮಲಗಿದ. ಹೆಂಡತಿ ಸ್ವರೂಪ ಓಡಿಹೋಗಿ ಆಶಾ ಕಾರ್ಯಕರ್ತೆ ಸುಗುಣಳನ್ನು ಕರೆತಂದಳು. ಅವಳು ಓದೆಲುವಿನ ಅತ್ತಿಗೆ.

"ಅತ್ತಿಗೆ ಎದುರು ಏನಂತ ಹೇಳ್ಲಿ!" ಅವನು ಕಂಬಳಿ ಮೇಲೆಳೆದುಕೊಂಡ.

ಸುಗುಣ ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕೂತಳು. "ನೋಡು, ನಾನು ಆ ಕಡೆ ತಿರುಗಿದೀನಿ. ನಿನ್ನ ತಾಳೆ ಮರಕ್ಕೆ ಹೇಳ್ದಂಗೆ ಹೇಳು."

ಓದೆಲು ಹೇಳಿದ, ಮರಕ್ಕೆ ಹೇಳುವಂತೆಯೇ. ಒಂದು ಬೀಜ ಊದಿದೆ, ಮೇಲಕ್ಕೆ ಸರಿದಂತಿದೆ.

"ಪೆಟ್ಟು ಬಿದ್ದ ಮೇಲೆ ಎಷ್ಟು ಮರ ಹತ್ತಿದೆ?"

"ಆರು."

"ಅಂದ್ರೆ ಒಂದು ಗಂಟೆ ಆಯ್ತು. ಸಣ್ಣ ಪೆಟ್ಟಾಗಿದ್ರೆ ಇಷ್ಟೊತ್ತಿಗೆ ನೋವು ಇಳೀಬೇಕಿತ್ತು. ಸ್ವರೂಪಾ, ಆಟೋ ಕರಿ."

"ಇದಕ್ಕೂ ಆಸ್ಪತ್ರೆನಾ?" ಬಾಗಿಲಿಗೆ ಬಂದಿದ್ದ ಐಲಯ್ಯ ಕೇಳಿದ. "ಊರೆಲ್ಲ ನಗತ್ತೆ."

"ನಗ್ಲಿ ಬಿಡು ಮಾವ. ಬೀಜ ಒಳಗೆ ತಿರುಚ್ಕೊಂಡಿದ್ರೆ ಅದಕ್ಕೆ ರಕ್ತ ಹರಿಯೋದೇ ನಿಲ್ಲತ್ತೆ. ಐದಾರು ಗಂಟೆ ಕಳೆದ್ರೆ ಬೀಜಾನೇ ಹೋಗ್ಬಹುದು. ನಿನ್ನ ಹೊಂಬಾಳೆ ಮೂರು ದಿನ ಕಾಯತ್ತೆ, ಇದು ಸಂಜೆವರೆಗೂ ಕಾಯಲ್ಲ."

ಐಲಯ್ಯ ಒಳಗೆ ಬಂದ. ತಾನೇ ತೋಳು ಕೊಟ್ಟು ಆಟೋ ಹತ್ತಿಸಿದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ತಿರುಚಿಕೊಂಡೇ ಇತ್ತು. ಆಪರೇಷನ್ ಮಾಡಿ ಬಿಡಿಸಿದರು. "ಹೊತ್ತಿಗೆ ಸರಿಯಾಗಿ ಬಂದ್ರಿ, ಉಳೀತು" ಎಂದರು ಡಾಕ್ಟರು.

ವಾರಗಳ ನಂತರ ಓದೆಲು ಕೆರೆಯಂಚಿಗೆ ಬಂದ. ಅವನ ಮರಗಳ ಹೊಂಬಾಳೆ ಬತ್ತಿರಲಿಲ್ಲ. ಒಂದೊಂದು ಮಡಕೆಗೂ ರಸ ತೊಟ್ಟಿಕ್ಕುವ ಸದ್ದು ಬರುತ್ತಿತ್ತು. ದಿನಾ ಕೆತ್ತಿದವನು ಐಲಯ್ಯ.

"ದೊಡ್ಡಪ್ಪಾ, ನಿನ್ನ ಋಣ ಹೆಂಗೆ ತೀರಿಸ್ಲಿ?"

"ಅವತ್ತು ನಾನು ನಕ್ಕಿದ್ದೆ," ಐಲಯ್ಯ ಹಗ್ಗ ಸುತ್ತುತ್ತ ಹೇಳಿದ. "ಅದಕ್ಕೂ ಇದಕ್ಕೂ ಸರಿಹೋಯ್ತು."

ಅಣ್ಣಂದಿರೇ, ತಮ್ಮಂದಿರೇ, ವೃಷಣಕ್ಕೆ ತಗಲುವ ಸಣ್ಣ ಪೆಟ್ಟುಗಳಲ್ಲಿ ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ಮಲಗಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಆದರೆ ಒಂದು ಗಂಟೆಯಾದರೂ ನೋವು ಇಳಿಯದಿದ್ದರೆ, ಊತ ಬಂದರೆ, ಚರ್ಮ ಕಪ್ಪಾದರೆ, ವಾಂತಿಯಾದರೆ, ಮೂತ್ರದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಪೆಟ್ಟೇ ಬೀಳದೆ ಥಟ್ಟನೆ ಜೋರು ನೋವು ಬಂದರೂ ಹಾಗೆಯೇ. ಬಾಯಿಬಿಟ್ಟು ಹೇಳಲು ನಾಚಿಕೆಯೇ? ಬೆನ್ನು ತಿರುಗಿಸಿ ಕೂತು ಕೇಳುವವರು ನಿಮ್ಮ ಊರಲ್ಲೂ ಇದ್ದಾರೆ. ಹೇಳಿ.