ಪವಿತ್ರಳ ತಪ್ಪು ಯಾವುದು?

ನಾನು ಯಶೋಧರಾ, ಹೆಡತಲೆ ಊರಿನ ಆಶಾ ಕಾರ್ಯಕರ್ತೆ. ನನಗೆ ಕೋಪ ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ. ಸಿದ್ದಲಿಂಗಮ್ಮನವರ ಮನೆಯಲ್ಲಿ ಆವತ್ತು ಬಂದ ಕೋಪ ಮಾತ್ರ ಇನ್ನೂ ಇಳಿದಿಲ್ಲ.

ಮೂರು ತಿಂಗಳ ಕೂಸಿಗೆ ಲಸಿಕೆಯ ದಿನ ಹೇಳಲು ಹೋಗಿದ್ದೆ. ಸಿದ್ದಲಿಂಗಮ್ಮ ಬಾಣಂತಿ ಸೊಸೆ ಪವಿತ್ರಳನ್ನು ದೇವರ ಮುಂದೆ ಕೂರಿಸಿ, ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಕೈಗೆ ಕೊಟ್ಟಿದ್ದರು. ಮಾದಪ್ಪನಿಗೆ ತಪ್ಪುಕಾಣಿಕೆಯಂತೆ.

"ಏನಾಯ್ತು ದೊಡ್ಡವ್ವ?" ಅಂದೆ.

"ಒಲೆ ಮುಂದ್ಕೆ ಬರಕಿಲ್ಲ, ತಲೆ ಬಾಚಕಿಲ್ಲ, ಕೂಸು ಅತ್ರೂ ಎತ್ಕಳಕಿಲ್ಲ. ಸೊಕ್ಕು ಕಣವ್ವ. ತಪ್ಪಾಯ್ತು ಅನ್ನು ಅಂದ್ರೆ ಬಾಯೇ ಬಿಡಕಿಲ್ಲ."

ಪವಿತ್ರ ತಲೆ ಎತ್ತಲಿಲ್ಲ. "ಏನ್ ತಪ್ಪು ಅಂತ ಹೇಳ್ಕೊಡಿ ಅತ್ತೆ, ತಪ್ಪಾಯ್ತು ಅಂತೀನಿ." ಆಮೇಲೆ ನನಗಷ್ಟೇ ಕೇಳುವಂತೆ, "ನಾನಿಲ್ದಿದ್ರೇ ಕೂಸು ಚೆಂದಾಗಿ ಬೆಳೀತದೆ ಅಕ್ಕ" ಅಂದಳು.

ಇಂಥ ಮಾತು ಕೇಳಿದ ಮೇಲೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅವಳನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂದೆ.

ಗಂಡ ನಂಜೇಶ್ ತಾಂಡ್ಯದ ಫ್ಯಾಕ್ಟರಿಗೆ ಹೊರಟು ನಿಂತಿದ್ದ. "ಜ್ವರ ಇಲ್ಲ, ಗಾಯ ಇಲ್ಲ. ಸುಗರ್ ಆದ್ರೆ ರಕ್ತದಲ್ಲಿ ಕಾಣ್ತದೆ. ಇದೆಲ್ ಕಾಣ್ತದೆ ಅಕ್ಕ? ಮನಸ್ಸು ಗಟ್ಟಿ ಮಾಡ್ಕಂಡ್ರೆ ಆಯ್ತು."

"ಹೋದ್ ವರ್ಷ ಬೆನ್ನು ಹಿಡ್ಕಂಡು ಎಂಟು ದಿನ ಮಲ್ಗಿದ್ಯಲ್ಲಪ್ಪ, ನಿನ್ ನೋವು ಯಾರ ಕಣ್ಣಿಗ್ ಕಾಣ್ತು? ನೀನು ನೋವು ಅಂದೆ, ನಾವು ನಂಬಿದೊ. ಯಾರಾದ್ರೂ ನಿನ್ ಕೈಗೆ ನಾಣ್ಯ ಕಟ್ಟಿ ಕೊಟ್ರಾ? ಬೇಕಂತ ಏಳದೆ ಇದ್ರೆ ತಪ್ಪು. ಇವಳಿಗೆ ಏಳಕ್ಕೇ ಆಗ್ತಿಲ್ಲ. ಇದು ಕಾಯಿಲೆ. ಹೆರಿಗೆ ಆದ್ಮೇಲೆ ಕೆಲವರಿಗೆ ಬರ್ತದೆ. ಔಷಧಿ ಮಾಡಿದ್ರೆ ವಾಸಿ ಆಗ್ತದೆ" ಅಂದೆ.

ನಂಜೇಶ್ ಹೆಂಡತಿಯ ಕೈಯಿಂದ ನಾಣ್ಯದ ಗಂಟು ತೆಗೆದಿಟ್ಟು, "ಡ್ಯೂಟಿ ಇರ್ಲಿ, ನಡಿ" ಅಂದ. ಸಿದ್ದಲಿಂಗಮ್ಮ ಗೊಣಗುತ್ತಲೇ ಕೂಸನ್ನು ಎತ್ತಿಕೊಂಡು ಹಿಂದೆ ಬಂದರು.

ನಂಜನಗೂಡಿನ ಆಸ್ಪತ್ರೆಯಲ್ಲಿ ಡಾಕ್ಟರು ಅರ್ಧ ಗಂಟೆ ಪವಿತ್ರಳ ಮಾತು ಕೇಳಿದರು. ಮಾತ್ರೆ ಬರೆದುಕೊಟ್ಟು, ಇವರನ್ನು ಒಬ್ಬರನ್ನೇ ಬಿಡಬೇಡಿ, ವಾರಕ್ಕೊಮ್ಮೆ ಕರೆತನ್ನಿ ಅಂದರು. ಹೊರಗಿನ ಬೆಂಚಿನಲ್ಲಿ ಯಾರೋ ಹೆಂಗಸು, "ಏನ್ ಮಾಡ್ಕಂಡ್ಳು ನಿಮ್ ಸೊಸೆ?" ಅಂತ ಕೇಳಿದಳು.

ಸಿದ್ದಲಿಂಗಮ್ಮ ರೇಗಿದರು. "ಅವಳೇನ್ ಮಾಡ್ಕಂಡಾಳು? ಕಾಯ್ಲೆ ಬಂದದೆ. ನಾವೇ ಎರಡು ತಿಂಗ್ಳು ಬೈಕಂಡು ಕೂತಿದ್ದೊ."

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಎರಡು ವಾರದಿಂದ ಹೀಗೆ ಕುಗ್ಗಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ಆವತ್ತೇ ಹೋಗಿ. ಸರ್ಕಾರದ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಗಲಿರುಳು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅದು ಬಿಟ್ಟು ಬೈಯುತ್ತಾ ಕೂತಿರೋ, ನಿಮ್ಮ ಮನೆಗೂ ಬರುತ್ತೇನೆ. ಬಂದರೆ ನಾನು ಸುಮ್ಮನೆ ಹೋಗುವವಳಲ್ಲ.